ದಾರಿಯ ಹಕ್ಕು

(ಕರಾವಳಿಯ ಪಟ್ಟಣವೊಂದರಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

 

ರಾಷ್ಟ್ರೀಯ ಹೆದ್ದಾರಿಗಳು ಮತ್ತು ಸಾರಿಗೆ ನೀತಿ ಎಂಬ ವಿಷಯವನ್ನು ಸಂಘಟಕರು ನನಗೆ ವಹಿಸಿದಾಗ ಕೆಲವು ಗೆಳೆಯರು ಹುಬ್ಬೇರಿಸಿದರು. ಮದ್ರಸದಲ್ಲಿ ಕಲಿತು ಪತ್ರಿಕೆಯಲ್ಲಿ ದುಡಿಯುವವನಿಗೂ ಡಾಂಬರು ರಸ್ತೆಗೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ರಸ್ತೆ ಎಷ್ಟು ಅಗಲವಿರಬೇಕು, ಜಲ್ಲಿ ಎಷ್ಟು ದಪ್ಪವಿರಬೇಕು ಎಂಬುದು ಇಂಜಿನಿಯರರ ವಿಷಯ, ಒಪ್ಪುತ್ತೇನೆ. ಆದರೆ ರಸ್ತೆ ಯಾರದ್ದು, ಅದರ ಮೇಲೆ ಪ್ರಾಣ ಬಿಟ್ಟವನಿಗೆ ಯಾರು ಹೊಣೆ, ಅದಕ್ಕಾಗಿ ಮನೆ ಕಳೆದುಕೊಂಡವಳಿಗೆ ಏನು ಸಿಗಬೇಕು ಎಂಬುದು ಧರ್ಮಶಾಸ್ತ್ರದ ವಿಷಯವೂ ಹೌದು, ರಾಜಕೀಯದ ವಿಷಯವೂ ಹೌದು.

ಹನಫೀ ಕರ್ಮಶಾಸ್ತ್ರದ ಪ್ರಸಿದ್ಧ ಗ್ರಂಥ ‘ಹಿದಾಯ’ವನ್ನು ಓದಿದ ಉಲಮಾಗಳು ಈ ಸಭೆಯಲ್ಲಿದ್ದಾರೆ. ಹನ್ನೆರಡನೇ ಶತಮಾನದ ಇಮಾಮ್ ಮರ್ಗೀನಾನಿಯವರ ಆ ಕೃತಿಯಲ್ಲಿ ದಿಯತ್, ಅಂದರೆ ಪ್ರಾಣಹಾನಿಗೆ ತೆರಬೇಕಾದ ಪರಿಹಾರವನ್ನು ಚರ್ಚಿಸುವ ಭಾಗವಿದೆ. ಅದರೊಳಗೆ ಒಂದು ಅಧ್ಯಾಯವೇ ಸಾರ್ವಜನಿಕ ದಾರಿಯಲ್ಲಿ ಮನುಷ್ಯ ಹೊಸದಾಗಿ ಉಂಟುಮಾಡುವ ಅಡ್ಡಿಗಳ ಕುರಿತಾಗಿದೆ. ಒಬ್ಬನು ತನ್ನ ಗೋಡೆಯಿಂದ ದಾರಿಯ ಮೇಲಕ್ಕೆ ತೊಲೆಯೊಂದನ್ನು ಚಾಚಿದರೆ, ದಾರಿಯಲ್ಲಿ ಬಾವಿ ತೋಡಿದರೆ, ಕಲ್ಲನ್ನು ಇಟ್ಟರೆ, ಅದನ್ನು ತೆಗೆಸುವ ಹಕ್ಕು ಜನಸಾಮಾನ್ಯರಲ್ಲಿ ಪ್ರತಿಯೊಬ್ಬರಿಗೂ ಇದೆ. ಅದರಿಂದ ದಾರಿಹೋಕನ ಪ್ರಾಣ ಹೋದರೆ ದಿಯತ್‌ನ ಹೊಣೆ ಅದನ್ನು ಮಾಡಿದವನ ಕಡೆಗೆ ಬೀಳುತ್ತದೆ. ಶಾಫಿಈ ಗ್ರಂಥಗಳಲ್ಲೂ ಈ ಚರ್ಚೆ ವಿಸ್ತಾರವಾಗಿದೆ, ವಿವರಗಳಲ್ಲಿ ಭೇದವಿದೆ. ಆಡಳಿತಗಾರನ ಅನುಮತಿ ಪಡೆದು ಮಾಡಿದ ಕೆಲಸಕ್ಕೆ ವಿನಾಯಿತಿ ಇದೆಯೆಂದು ಹನಫೀ ವಿದ್ವಾಂಸರು ಹೇಳುತ್ತಾರೆ. ಸರಿ, ಹಾಗಾದರೆ ಪ್ರಶ್ನೆ ಆಡಳಿತಗಾರನ ಕಡೆಗೇ ತಿರುಗುತ್ತದೆ. ಇರಾಕಿನ ದಾರಿಯಲ್ಲಿ ಒಂದು ಹೇಸರಗತ್ತೆ ಎಡವಿದರೂ ದಾರಿಯನ್ನೇಕೆ ಸಮತಟ್ಟು ಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಪ್ರಶ್ನಿಸಿಯಾನು ಎಂಬ ಭಯ ಖಲೀಫಾ ಉಮರ್(ರ)ರಿಗಿತ್ತೆಂಬುದು ನೀವೆಲ್ಲರೂ ಕೇಳಿದ ಸಂಗತಿ. ಅದು ಬೇರೆ ಬೇರೆ ಪಾಠಗಳಲ್ಲಿ ನಮಗೆ ತಲುಪಿದೆ.

ಪ್ರವಾದಿ ಮುಹಮ್ಮದ್(ಸ)ರು ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನ್‌ನ ಒಂದು ಶಾಖೆಯೆಂದು ಕರೆದರು. ದಾರಿಬದಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಸಲ್ಲಿಸಲಿ ಎಂದರು. ದಾರಿಯ ಅಗಲದ ಬಗ್ಗೆ ತಕರಾರು ಬಂದಾಗ ಏಳು ಮೊಳ ಬಿಡಬೇಕೆಂದು ತೀರ್ಪಿತ್ತರು. ಮನುಷ್ಯನಿಗೆ ಹಕ್ಕಿರುವಂತೆ ದಾರಿಗೂ ಹಕ್ಕಿದೆ ಎಂಬ ಈ ಕಲ್ಪನೆಯನ್ನು ನಾನು ಇಂದಿನ ಮಾತಿಗೆ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಮುಸ್ಲಿಮರ ಇತಿಹಾಸದಲ್ಲಿ ರಸ್ತೆ ನಿರ್ಮಿಸಿದವರ ಹೆಸರು ಹೇಳುವಾಗ ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಕೂಫಾದಿಂದ ಮಕ್ಕಾಕ್ಕೆ ಹೋಗುವ ಮರುಭೂಮಿಯ ದಾರಿಯುದ್ದಕ್ಕೂ ಬಾವಿ, ಕೊಳಗಳನ್ನು ಕಟ್ಟಿಸಿದ್ದು, ಶೇರ್ ಶಾಹ್ ಸೂರಿ ತನ್ನ ಐದು ವರ್ಷಗಳ ಆಳ್ವಿಕೆಯಲ್ಲಿ ಬಂಗಾಳದ ಸೋನಾರ್‌ಗಾಂವ್‌ನಿಂದ ಸಿಂಧೂ ನದಿಯವರೆಗಿನ ಹಾದಿಯನ್ನು ಊರ್ಜಿತಗೊಳಿಸಿದ್ದು ನಮಗೆ ಹೆಮ್ಮೆಯಿಂದ ನೆನಪಾಗುತ್ತದೆ. ಹೆಮ್ಮೆಪಡೋಣ. ಆದರೆ ಶೇರ್ ಶಾಹ್‌ನ ಹೆಗ್ಗಳಿಕೆ ದಾರಿಯ ಉದ್ದದಲ್ಲಿಲ್ಲ. ಆತನ ಸರಾಯಿಗಳಲ್ಲಿ ಹಿಂದೂ ಮತ್ತು ಮುಸ್ಲಿಮ್ ಪಯಣಿಗರಿಗೆ ಅವರವರ ರೀತಿಗೆ ತಕ್ಕ ನೀರು, ಅನ್ನ, ಹಾಸಿಗೆಯ ವ್ಯವಸ್ಥೆಯಿತ್ತೆಂದು ಚರಿತ್ರೆಕಾರ ಅಬ್ಬಾಸ್ ಖಾನ್ ಸರ್ವಾನಿ ಬರೆದಿದ್ದಾನೆ. ದಾರಿಯಲ್ಲಿ ದರೋಡೆಯಾದರೆ ಆ ಗ್ರಾಮದ ಮುಖಂಡನೇ ಕಳ್ಳನನ್ನು ಹಿಡಿದುಕೊಡಬೇಕಿತ್ತು, ಇಲ್ಲವಾದರೆ ನಷ್ಟವನ್ನು ತಾನೇ ತುಂಬಬೇಕಿತ್ತು.

ಅಷ್ಟು ದೂರ ಏಕೆ ಹೋಗಬೇಕು? ಹದಿನಾಲ್ಕನೇ ಶತಮಾನದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೂ ಮಂಗಳೂರಿಗೂ ಬಂದಿದ್ದ. ಗೋವೆಯಿಂದ ಕೊಲ್ಲಮ್‌ವರೆಗಿನ ಕರಾವಳಿಯ ದಾರಿಯನ್ನು ಆತ ವರ್ಣಿಸಿದ್ದಾನೆ. ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ಎಲ್ಲ ಪಯಣಿಗರಿಗೂ ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಆ ಮನುಷ್ಯ ಮುಸ್ಲಿಮನಾಗಿರಲಿಲ್ಲ. ಅದಕ್ಕಿಂತ ಸುರಕ್ಷಿತವಾದ ದಾರಿಯನ್ನು ತಾನು ಕಂಡಿಲ್ಲವೆಂದು ಜಗತ್ತು ಸುತ್ತಿದ ಆ ಪ್ರವಾಸಿ ಪ್ರಮಾಣಪತ್ರ ನೀಡುತ್ತಾನೆ. ಇಂದು ಹೆಚ್ಚುಕಡಿಮೆ ಅದೇ ಕರಾವಳಿಯನ್ನು ಹಿಡಿದು ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 66 ಎಂದು ಹೆಸರು. 2010ರಲ್ಲಿ ಸಂಖ್ಯೆ ಬದಲಾಗುವ ಮುನ್ನ ಅದು ನಮಗೆಲ್ಲ 17 ಆಗಿತ್ತು, ಹಿರಿಯರ ಬಾಯಲ್ಲಿ ಇಂದಿಗೂ ಅದು ಹದಿನೇಳೇ. ಆ ಮರಗಳ ನೆರಳು ಎಲ್ಲಿ ಹೋಯಿತೆಂದು ನಾನು ಕೇಳುವುದಿಲ್ಲ. ಸುರಕ್ಷೆ ಎಲ್ಲಿ ಹೋಯಿತೆಂದು ಕೇಳುತ್ತೇನೆ.

ದೇಶದ ಹೆದ್ದಾರಿ ಜಾಲ ಬೆಳೆದಿದೆ ಎಂಬುದರಲ್ಲಿ ಸಂಶಯವಿಲ್ಲ. ವಿರೋಧ ಪಕ್ಷದವರು ಕಣ್ಣುಮುಚ್ಚಿ ನಿರಾಕರಿಸಿದರೂ ಅದು ಸತ್ಯ. 1988ರ ಕಾಯ್ದೆಯಡಿ ಸ್ಥಾಪಿತವಾದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 1995ರಲ್ಲಿ ಕಾರ್ಯಾರಂಭ ಮಾಡಿತು. ವಾಜಪೇಯಿ ಸರಕಾರ 1998ರಲ್ಲಿ ಘೋಷಿಸಿದ ಸುವರ್ಣ ಚತುಷ್ಪಥ ಯೋಜನೆ ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತಾಗಳನ್ನು 5,846 ಕಿಲೋಮೀಟರ್‌ಗಳ ನಾಲ್ಕು ಪಥದ ರಸ್ತೆಯಿಂದ ಜೋಡಿಸಿತು. ಮನಮೋಹನ್ ಸಿಂಗ್ ಸರಕಾರ ಅದನ್ನು ಮುಂದುವರಿಸಿತು. 2014ರಲ್ಲಿ ಸುಮಾರು 91 ಸಾವಿರ ಕಿಲೋಮೀಟರ್ ಇದ್ದ ರಾಷ್ಟ್ರೀಯ ಹೆದ್ದಾರಿಗಳ ಉದ್ದ ಹತ್ತು ವರ್ಷಗಳಲ್ಲಿ ಸುಮಾರು 1 ಲಕ್ಷ 46 ಸಾವಿರಕ್ಕೆ ಏರಿತು. ಇದರಲ್ಲಿ ಒಂದು ಪಾಲು ಇದ್ದ ರಾಜ್ಯ ಹೆದ್ದಾರಿಗಳಿಗೇ ಹೊಸ ಫಲಕ ನೆಟ್ಟದ್ದು ಎಂಬುದನ್ನೂ ಹೇಳಬೇಕು. ಅದೇನೇ ಇರಲಿ, ನಮ್ಮ ಊರಿನ ಮೀನು ಬೇಗನೆ ಬೆಂಗಳೂರು ತಲುಪುತ್ತಿದೆ, ಗರ್ಭಿಣಿ ಬೇಗನೆ ಆಸ್ಪತ್ರೆ ತಲುಪುತ್ತಿದ್ದಾಳೆ. ಇದು ಅಲ್ಲಾಹನ ಅನುಗ್ರಹವೇ ಸರಿ.

ಆದರೆ ನಮ್ಮ ಸರಕಾರಗಳು ಹೆದ್ದಾರಿಯನ್ನು ಅಳೆಯುವ ಮಾನದಂಡ ಒಂದೇ: ದಿನಕ್ಕೆ ಎಷ್ಟು ಕಿಲೋಮೀಟರ್. ಇನ್ನೊಂದು ಲೆಕ್ಕ ಅದೇ ಸಾರಿಗೆ ಸಚಿವಾಲಯ ಪ್ರತಿವರ್ಷ ಪ್ರಕಟಿಸುವ ವರದಿಯಲ್ಲಿಯೇ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾದವು, 1,68,491 ಜನರು ಮೃತಪಟ್ಟರು. ಅಂದರೆ ದಿನಕ್ಕೆ 460ಕ್ಕೂ ಹೆಚ್ಚು ಮಯ್ಯಿತ್‌ಗಳು. ಒಟ್ಟು ರಸ್ತೆಗಳ ಉದ್ದದಲ್ಲಿ ಶೇ. 2ರಷ್ಟೇ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿಯೇ ಇವರ ಪೈಕಿ 61 ಸಾವಿರ ಮಂದಿ ಸತ್ತರು. ಮೃತರಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರ ವಾಹನದಲ್ಲಿದ್ದವರು, ಶೇ. 19ಕ್ಕೂ ಹೆಚ್ಚು ಪಾದಚಾರಿಗಳು. 2015ರಲ್ಲಿ ಬ್ರೆಜಿಲ್‌ನ ರಾಜಧಾನಿಯಲ್ಲಿ ನಡೆದ ಜಾಗತಿಕ ಸಮ್ಮೇಳನದಲ್ಲಿ, 2020ರೊಳಗೆ ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಘೋಷಣೆಗೆ ಭಾರತವೂ ಸಹಿ ಹಾಕಿತ್ತು. ಆ ವರ್ಷ ಸತ್ತವರು ಸುಮಾರು 1 ಲಕ್ಷ 46 ಸಾವಿರ. ಏಳು ವರ್ಷಗಳ ಬಳಿಕ ಅದು ಅರ್ಧವಾಗುವ ಬದಲು 22 ಸಾವಿರದಷ್ಟು ಹೆಚ್ಚಿತು.

ಈ ಮೃತರು ಯಾರು? ವಿಮಾನದಲ್ಲಿ ಹಾರುವವರಲ್ಲ, ಆರು ಏರ್‌ಬ್ಯಾಗ್‌ಗಳ ಕಾರಿನಲ್ಲಿ ಕುಳಿತವರೂ ಹೆಚ್ಚಿನವರಲ್ಲ. ಬೈಕಿನಲ್ಲಿ ಕೆಲಸಕ್ಕೆ ಹೋಗುವವನು, ಹಾಲು ತರಲು ರಸ್ತೆ ದಾಟುವವಳು. ನಾಲ್ಕು ಪಥಗಳ ಹೆದ್ದಾರಿ ಊರನ್ನು ಎರಡಾಗಿ ಸೀಳುತ್ತದೆ. ಈ ಬದಿಯಲ್ಲಿ ಮಸೀದಿ, ಆ ಬದಿಯಲ್ಲಿ ಶಾಲೆ. ಅಂಡರ್‌ಪಾಸ್ ಒಂದು ಕಿಲೋಮೀಟರ್ ಆಚೆಗಿದೆ. ಎಂಬತ್ತರ ಅಜ್ಜಿ ಒಂದು ಕಿಲೋಮೀಟರ್ ನಡೆದು ದಾಟುವಳೇ, ಡಿವೈಡರ್‌ನ ಸಂದಿಯಿಂದ ದಾಟುವಳೇ? ಅಪಘಾತವಾದ ಬಳಿಕ ಪಾದಚಾರಿಯ ಅಜಾಗರೂಕತೆ ಎಂದು ಷರಾ ಬರೆಯಲಾಗುತ್ತದೆ. ಹಿದಾಯದ ಅಳತೆಗೋಲಿನಿಂದ ನೋಡಿದರೆ ದಾರಿಯಲ್ಲಿ ಬಾವಿ ತೋಡಿದವನನ್ನು ಬಿಟ್ಟು, ಬಾವಿಗೆ ಬಿದ್ದವಳನ್ನು ವಿಚಾರಣೆ ಮಾಡಿದಂತಾಯಿತು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆಬದಿಯಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವೊಂದು ಮಣ್ಣಿನೊಂದಿಗೆ ಕೊಚ್ಚಿಹೋಯಿತು. ಮರದ ದಿಮ್ಮಿ ಹೊತ್ತು ಕೇರಳದತ್ತ ಹೊರಟಿದ್ದ ಲಾರಿ ಗಂಗಾವಳಿ ನದಿಯ ತಳ ಸೇರಿತು. ಅದನ್ನೂ ಅದರ ಚಾಲಕನ ದೇಹವನ್ನೂ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಚಾಲಕ ಹಿಂದೂ, ಲಾರಿಯ ಮಾಲಕ ಮುಸ್ಲಿಮ್. ಅಷ್ಟು ದಿನವೂ ಆ ಮಾಲಕ ನದಿಯ ದಡ ಬಿಡದೆ ಹುಡುಕಾಟದ ಬೆನ್ನುಹತ್ತಿದ್ದನ್ನು ಎರಡೂ ರಾಜ್ಯಗಳ ಜನ ಟಿ.ವಿ.ಯಲ್ಲಿ ನೋಡಿದರು. ಮಳೆ ಹೆಚ್ಚಾಗಿತ್ತು, ನಿಜ. ಆದರೆ ರಸ್ತೆಯ ಅಗಲೀಕರಣಕ್ಕಾಗಿ ಗುಡ್ಡದ ಪಾದವನ್ನು ಕಡಿದಾಗಿ ಕತ್ತರಿಸಿದ್ದು ಮಳೆಯಲ್ಲ. ಲ್ಯಾಟರೈಟ್ ಮಣ್ಣಿನ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು ಕತ್ತರಿಸಬೇಕು, ನೀರು ಹರಿಯಲು ಚರಂಡಿ ಬೇಕು. ಅದಕ್ಕೆ ಹೆಚ್ಚು ಭೂಮಿ ಬೇಕು, ಹೆಚ್ಚು ಹಣ ಬೇಕು. ಉಳಿಸಿದ್ದು ಅದನ್ನೇ.

ಕಾನೂನು ಏನು ಮಾಡಿತು? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ದೊಡ್ಡ ತಿದ್ದುಪಡಿ ತರಲಾಯಿತು. ಹೆಲ್ಮೆಟ್ ಇಲ್ಲದ ಸವಾರನಿಗೆ ದಂಡವನ್ನು 1,000 ರೂಪಾಯಿಗೆ ಏರಿಸಲಾಯಿತು, ಮೂರು ತಿಂಗಳು ಲೈಸನ್ಸ್ ಅಮಾನತು ಮಾಡುವ ಅವಕಾಶವನ್ನೂ ಸೇರಿಸಲಾಯಿತು. ಇದಕ್ಕೆ ನನ್ನ ತಕರಾರಿಲ್ಲ. ಅದೇ ತಿದ್ದುಪಡಿಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ನಿಯಮಗಳನ್ನು ಪಾಲಿಸದೆ ಸಾವಿಗೆ ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಅಧಿಕಾರಿ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ದಂಡ ಗರಿಷ್ಠ 1 ಲಕ್ಷ ರೂಪಾಯಿ. ನೂರಾರು ಕೋಟಿಯ ಗುತ್ತಿಗೆ, ಒಂದು ಲಕ್ಷದ ದಂಡ. ಕೂಲಿಗೆ ಹೋಗುವ ಸವಾರನ ದಂಡ ಅವನ ಎರಡು ದಿನದ ಸಂಬಳ, ಗುತ್ತಿಗೆದಾರನ ದಂಡ ಅವನ ಕಚೇರಿಯ ಚಹಾ ಖರ್ಚು.

ಗುಣಮಟ್ಟದ ಬಗ್ಗೆ ಬಾಯಿ ತೆರೆದವರ ಗತಿಯೇನಾಯಿತು ಎಂಬುದಕ್ಕೆ ಸತ್ಯೇಂದ್ರ ದುಬೆಯವರ ಹೆಸರು ಸಾಕು. ಕಾನ್ಪುರ ಐಐಟಿಯಲ್ಲಿ ಕಲಿತ ಈ ಯುವ ಇಂಜಿನಿಯರ್ ಸುವರ್ಣ ಚತುಷ್ಪಥದ ಕಾಮಗಾರಿಯಲ್ಲಿನ ಅವ್ಯವಹಾರವನ್ನು ವಿವರಿಸಿ 2002ರಲ್ಲಿ ಪ್ರಧಾನಿಗೆ ಪತ್ರ ಬರೆದರು, ತನ್ನ ಹೆಸರನ್ನು ಗುಪ್ತವಾಗಿಡುವಂತೆ ಕೋರಿದರು. ಪತ್ರ ಕಚೇರಿಯಿಂದ ಕಚೇರಿಗೆ ಹೆಸರಿನ ಸಹಿತ ಅಲೆಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇಂಥವರನ್ನು ರಕ್ಷಿಸುವ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 2014ರಲ್ಲಿ. ಅದನ್ನು ಜಾರಿಗೊಳಿಸುವ ಅಧಿಸೂಚನೆ ವರ್ಷಗಳು ಉರುಳಿದರೂ ಹೊರಬರಲಿಲ್ಲ. ಯುಪಿಎ ಆಗಲಿ ಎನ್‌ಡಿಎ ಆಗಲಿ, ಈ ವಿಷಯದಲ್ಲಿ ಒಂದೇ ದಾರಿಯ ಪಯಣಿಗರು.

ಟೋಲ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಅನುಭವಿಸಿದವರು. ಹತ್ತಿರದ ಹೆಜಮಾಡಿಯಲ್ಲಿ ಇನ್ನೊಂದು ಟೋಲ್ ಇದ್ದರೂ ಸುರತ್ಕಲ್‌ನಲ್ಲಿ ವರ್ಷಗಟ್ಟಲೆ ಸುಂಕ ವಸೂಲಾಯಿತು. ಎಲ್ಲ ಧರ್ಮಗಳ ಜನರು ಒಟ್ಟಾಗಿ ಹೋರಾಡಿದ ಮೇಲೆ 2022ರ ಡಿಸೆಂಬರ್ 1ರಿಂದ ಅದು ನಿಂತಿತು. ಕೋಮು ಉದ್ವೇಗಕ್ಕೆ ಹೆಸರಾದ ಊರಿನಲ್ಲಿ ಜನರು ಒಂದೇ ಘೋಷಣೆ ಕೂಗಿದ್ದು ಟೋಲ್‌ಗೇಟ್‌ನ ಮುಂದೆ ಎಂಬುದು ಗಮನಾರ್ಹ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಇನ್ನೂರು ಸಂಚಾರಗಳ ವಾರ್ಷಿಕ ಪಾಸ್ ಬಂತು. ಒಳ್ಳೆಯದೇ. ಆದರೆ ಅದು ಖಾಸಗಿ ಕಾರು, ಜೀಪುಗಳಿಗೆ ಮಾತ್ರ. ಮೀನಿನ ಟೆಂಪೋಗೆ, ತರಕಾರಿಯ ಪಿಕಪ್‌ಗೆ ಇಲ್ಲ. ದುಡಿಯುವ ಚಕ್ರಕ್ಕೆ ಪೂರ್ಣ ಸುಂಕ, ವಿಹರಿಸುವ ಚಕ್ರಕ್ಕೆ ರಿಯಾಯಿತಿ.

ದುಡಿಯುವ ಚಕ್ರದ ಮಾತು ಬಂದಾಗ ಚಾಲಕರನ್ನು ಮರೆಯುವಂತಿಲ್ಲ. ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ ಲಾರಿಯ ಸ್ಟೀಯರಿಂಗಿನಿಂದ, ಗ್ಯಾರೇಜಿನ ಸ್ಪ್ಯಾನರಿನಿಂದ ಬರುತ್ತಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಾ ಬಂದಿತು. ಅದನ್ನು ಪಾಲಿಸಿದ ಲಾರಿ ಕಚೇರಿಯನ್ನು ನಾನು ಇನ್ನೂ ನೋಡಬೇಕಷ್ಟೆ. ನಿದ್ದೆಗೆಟ್ಟ ಕಣ್ಣುಗಳೊಂದಿಗೆ ಘಟ್ಟವಿಳಿಯುವವನ ಕೈಯಲ್ಲಿ ಎಷ್ಟು ಪ್ರಾಣಗಳಿವೆ! ಅಪಘಾತ ಮಾಡಿ ಪರಾರಿಯಾದರೆ ಹತ್ತು ವರ್ಷಗಳವರೆಗೆ ಜೈಲು ಎಂಬ ಹೊಸ ಕಲಮನ್ನು ವಿರೋಧಿಸಿ ಚಾಲಕರು 2024ರ ಜನವರಿಯ ಮೊದಲ ದಿನಗಳಲ್ಲಿ ಲಾರಿ ನಿಲ್ಲಿಸಿದಾಗ, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆದ ಮೇಲೆಯೇ ಸರಕಾರಕ್ಕೆ ಅವರ ಅಸ್ತಿತ್ವ ಕಾಣಿಸಿತು. ಆ ಉಪಕಲಂ ಇಲ್ಲದೆಯೇ ನ್ಯಾಯ ಸಂಹಿತೆ ಅದೇ ವರ್ಷದ ಜುಲೈಯಲ್ಲಿ ಜಾರಿಗೆ ಬಂತು. ಪರಾರಿಯಾಗುವುದನ್ನು ನಾನು ಸಮರ್ಥಿಸುವುದಿಲ್ಲ, ಗಾಯಾಳುವನ್ನು ಬಿಟ್ಟು ಓಡುವುದು ಮಹಾಪಾಪ. ಆದರೆ ಗುಂಪು ಹೊಡೆತದ ಭಯವೂ ಸತ್ಯ. ದನ ಸಾಗಾಟದ ನೆಪದಲ್ಲಿ ವಾಹನ ತಡೆದು ಚಾಲಕನ ಹೆಸರು ಕೇಳಿ ಹೊಡೆಯುವ ಗುಂಪುಗಳಿಗೆ ಹೆದ್ದಾರಿಗಳೇ ಅಂಗಳವಾದವು. 2017ರ ಎಪ್ರಿಲ್‌ನಲ್ಲಿ ರಾಜಸ್ಥಾನದ ಬೆಹ್ರೋರ್ ಬಳಿ, ದಿಲ್ಲಿ-ಜೈಪುರ ಹೆದ್ದಾರಿಯಲ್ಲಿ, ಹಸುಗಳನ್ನು ಕೊಂಡು ಮನೆಗೆ ಮರಳುತ್ತಿದ್ದ ಹರಿಯಾಣದ ಹೈನುಗಾರನನ್ನು ಹೊಡೆದು ಕೊಲ್ಲಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಗೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಿ ಹೆದ್ದಾರಿಗಳಲ್ಲಿ ಗಸ್ತು ನಡೆಸುವಂತೆ ರಾಜ್ಯಗಳಿಗೆ ಆದೇಶಿಸಿತು. ಶೇರ್ ಶಾಹ್‌ನ ಕಾಲದ ಗ್ರಾಮ ಮುಖಂಡನಿಗಿದ್ದ ಹೊಣೆಯನ್ನು ಇಂದಿನ ಪೊಲೀಸ್ ವರಿಷ್ಠಾಧಿಕಾರಿಗೆ ನೆನಪಿಸಲು ಸರ್ವೋಚ್ಚ ನ್ಯಾಯಾಲಯವೇ ಬೇಕಾಯಿತು.

ಇಷ್ಟು ಹೊತ್ತು ಪ್ರಭುತ್ವವನ್ನು ಟೀಕಿಸಿದೆ. ನೀವು ಸಮಾಧಾನದಿಂದ ಕೇಳಿದಿರಿ. ಈಗ ನಮ್ಮ ಮನೆಯ ಕಡೆಗೆ ಬರುತ್ತೇನೆ, ಇದು ಅಷ್ಟು ಹಿತವಾಗಲಾರದು.

ಹೆದ್ದಾರಿ ಅಗಲೀಕರಣಕ್ಕೆ ಭೂಮಿ ಸ್ವಾಧೀನವಾಗುವಾಗ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಅನ್ವಯಿಸುತ್ತದೆ. 3ಎ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಪರಿಹಾರದ ಮೊತ್ತಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕಾಚಾರವನ್ನು 2015ರಿಂದ ಅನ್ವಯಿಸಲಾಗಿದೆ, ಅಂದರೆ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವೂ ಸೇರುತ್ತದೆ. ತೃಪ್ತಿಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು, ಸಾಮಾನ್ಯವಾಗಿ ಅವರು ಜಿಲ್ಲಾಧಿಕಾರಿ. ಇವೆಲ್ಲ ಕಾಗದದ ಮೇಲೆ ಸರಿಯಾಗಿದೆ. ವರದಿಗಾಗಿ ಹೆದ್ದಾರಿ ಬದಿಯ ಮನೆಗಳಿಗೆ ಹೋದಾಗ ನಾನು ಕಂಡದ್ದೇನು? ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿ ಮೂವತ್ತು ವರ್ಷ, ಅಪ್ಪ ತೀರಿ ಹತ್ತು ವರ್ಷ. ಪಾಲು ಆಗಿಲ್ಲ, ಖಾತೆ ಬದಲಾಗಿಲ್ಲ. ಅನ್ನಿಸಾಅ್ ಅಧ್ಯಾಯವು ಆಸ್ತಿ ಅಲ್ಪವಿರಲಿ ಅಧಿಕವಿರಲಿ ಹೆಣ್ಣಿಗೆ ನಿಗದಿತ ಪಾಲಿದೆಯೆಂದು ಸಾರಿದ್ದನ್ನು ಮಿಂಬರ್‌ನಿಂದ ಕೇಳುತ್ತಲೇ, ಸಹೋದರಿಯರ ಪಾಲನ್ನು ಕೊಡದೆ ಸಹೋದರರು ಅದರಲ್ಲಿ ಮನೆ ಕಟ್ಟಿದ್ದಾರೆ. ಅಧಿಸೂಚನೆ ಬಂದ ಕೂಡಲೇ ಸಹೋದರಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ಧಾವಂತ! ಮದುವೆಗೆ ಕೊಟ್ಟ ಚಿನ್ನವನ್ನು ಪಾಲಿನ ಲೆಕ್ಕಕ್ಕೆ ಸೇರಿಸುವ ವಾದ! ಎಲ್ಲೋ ಒಬ್ಬ ಸಹೋದರಿ ಸಹಿ ಹಾಕಲಾರೆನೆಂದರೆ ಆಕೆ ಮನೆ ಒಡೆದವಳು.

ಹಂಚಿಕೆಯ ಬಗ್ಗೆ ವಿವಾದವೆದ್ದರೆ ಪ್ರಾಧಿಕಾರಿಯು ಅದನ್ನು ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾನೆ. ವರ್ಷಗಳು ಉರುಳುತ್ತವೆ. ಮನೆ ನೆಲಸಮವಾಗಿದೆ, ಹಣ ಕೈಗೆ ಬಂದಿಲ್ಲ, ಬಾಡಿಗೆ ಮನೆಯಲ್ಲಿ ವೃದ್ಧ ತಾಯಿ. ಆಗ ನಾವು ಸರಕಾರ ಮುಸ್ಲಿಮರಿಗೆ ಅನ್ಯಾಯ ಮಾಡಿತೆಂದು ಹೇಳುತ್ತೇವೆ. ಸರಕಾರ ಅನ್ಯಾಯ ಮಾಡಿದಲ್ಲಿ ಅದನ್ನು ಬರೆಯುವುದರಲ್ಲಿ ನಮ್ಮ ಪತ್ರಿಕೆ ಹಿಂದೆ ಬಿದ್ದಿಲ್ಲ. ಆದರೆ ಇಲ್ಲಿ ಅನ್ಯಾಯ ಮನೆಯೊಳಗಿನಿಂದ ಆರಂಭವಾಯಿತು. ಮಸೀದಿಯ ಜಮೀನಿಗೂ ಇದೇ ಗತಿ. ಎಷ್ಟೋ ಖಬರಸ್ತಾನಗಳಿಗೆ ಸರಿಯಾದ ನಕ್ಷೆಯಿಲ್ಲ, ವಕ್ಫ್ ಮಂಡಳಿಯಲ್ಲಿ ನೋಂದಣಿಯಿಲ್ಲ. ವಕ್ಫ್ ಆಸ್ತಿಯ ಸ್ವಾಧೀನಕ್ಕೆ ಮುನ್ನ ಮಂಡಳಿಗೆ ತಿಳಿಸಬೇಕೆಂದು ಕಾನೂನಿನ 91ನೇ ಕಲಂ ಹೇಳುತ್ತದೆ. ದಾಖಲೆಯಲ್ಲೇ ವಕ್ಫ್ ಎಂದಿರದ ಆಸ್ತಿಗೆ ಯಾರು ಯಾರಿಗೆ ತಿಳಿಸುವುದು?

ಇನ್ನು ನಮ್ಮ ಹುಡುಗರು. ಹತ್ತನೇ ತರಗತಿ ಪಾಸಾದರೆ ಬೈಕ್, ಗಲ್ಫ್‌ನಿಂದ ಅಪ್ಪನ ಹಣ ಬಂದರೆ ಬೈಕ್, ಮದುವೆಯ ದಿಬ್ಬಣಕ್ಕೆ ಸೈಲೆನ್ಸರ್ ಕಿತ್ತ ಹತ್ತು ಬೈಕ್. ಈದ್‌ನ ರಾತ್ರಿ ಹೆದ್ದಾರಿಯಲ್ಲಿ ಮೂವರನ್ನು ಕೂರಿಸಿ ಓಡಿಸುವ ಮೋಜನ್ನು ನಾವು ಹುಡುಗಾಟವೆಂದು ನಕ್ಕು ಬಿಡುತ್ತೇವೆ. ಈದ್‌ನ ಮರುದಿನ ಜನಾಝಾ ನಮಾಝ್ ನಿರ್ವಹಿಸಿದ ಇಮಾಮರುಗಳು ಇಲ್ಲಿದ್ದಾರೆ, ಅವರಿಗೆ ನಗು ಬರಲಿಕ್ಕಿಲ್ಲ. 2022ರಲ್ಲಿ ಸತ್ತವರಲ್ಲಿ ಮೂವರಿಗೆ ಇಬ್ಬರಂತೆ 18ರಿಂದ 45ರ ವಯಸ್ಸಿನವರು. ಇದು ಇಡೀ ದೇಶದ ಲೆಕ್ಕ, ನಮ್ಮದು ಬೇರೆಯಾಗಿರಲು ಕಾರಣವಿಲ್ಲ.

ಅಪ್ರಾಪ್ತನ ಕೈಗೆ ಕೀಲಿಕೈ ಕೊಟ್ಟ ಪೋಷಕರಿಗೆ ಅಥವಾ ವಾಹನದ ಮಾಲಕನಿಗೆ 25 ಸಾವಿರ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಇದು 199ಎ ಕಲಂ. ಲೈಸನ್ಸ್ ಇಲ್ಲದ ಹುಡುಗನ ಬೈಕಿನಿಂದ ಬೇರೊಬ್ಬರು ಸತ್ತರೆ, ವಿಮಾ ಕಂಪೆನಿಯು ತೆತ್ತ ಪರಿಹಾರವನ್ನು ಮಾಲಕನಿಂದಲೇ ವಸೂಲು ಮಾಡಲು ನ್ಯಾಯಾಲಯಗಳು ಅನುಮತಿಸುತ್ತವೆ. ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟದ್ದು ಅಲ್ಲಿಗೆ ಮುಗಿಯಿತು. ಕಾನೂನಿನ ಭಯದಿಂದಲೇ ಎಲ್ಲವೂ ಸರಿಯಾಗುವುದಿಲ್ಲ ಎನ್ನುವವರು ಬೆಂಗಳೂರು-ಮೈಸೂರು ಹೆದ್ದಾರಿಯನ್ನು ನೋಡಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅದರಲ್ಲಿ ಮೊದಲ ತಿಂಗಳುಗಳಲ್ಲಿ ಸಾವುಗಳ ಸರಣಿಯೇ ನಡೆಯಿತು. ಕ್ಯಾಮೆರಾಗಳು ಬಂದವು, ವೇಗಮಿತಿ ಬಿಗಿಯಾಯಿತು, ಆಗಸ್ಟ್‌ನಿಂದ ಮುಖ್ಯ ಪಥಗಳಿಗೆ ಬೈಕ್ ಮತ್ತು ರಿಕ್ಷಾಗಳ ಪ್ರವೇಶ ನಿಂತಿತು, ಸಾವುಗಳು ಇಳಿದವು.

ಹುಡುಗನಿಗೆ ಬೈಕ್ ಕೊಡಿಸಬೇಡಿ ಎನ್ನುವುದು ಸುಲಭ. ಕಾಲೇಜಿಗೆ ಬಸ್ ಇಲ್ಲವೆಂದರೆ ತಂದೆ ಏನು ಮಾಡಬೇಕು? ಸಾರಿಗೆ ನೀತಿಯೆಂದರೆ ಬಸ್ಸೂ ಹೌದು. ಒಂದು ಬಸ್ಸು ಐವತ್ತು ಮಂದಿಯನ್ನು ಒಯ್ಯುತ್ತದೆ, ಅಷ್ಟೇ ಮಂದಿಗೆ ಮೂವತ್ತು ಬೈಕ್‌ಗಳು ಬೇಕಾಗುತ್ತವೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸಿನ ಬಾಗಿಲು ತೆರೆಯಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ಸಿಕ್ಕಿದ್ದು ಕಡಿಮೆ. ಮತ ಕೇಳಲು ಬರುವವರಲ್ಲಿ ಮಸೀದಿಗೆ ಹೈಮಾಸ್ಟ್ ದೀಪ ಕೇಳುವ ಬದಲು ಊರಿಗೆ ಬೆಳಗ್ಗೆ ಎಂಟಕ್ಕೊಂದು ಸರಕಾರಿ ಬಸ್ಸು ಕೇಳೋಣವೇ?

ಸಮಯ ಮುಗಿಯುತ್ತಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೆಲವು ಉಪಯುಕ್ತ ಸಂಗತಿಗಳನ್ನಾದರೂ ಹೇಳಿ ಇಳಿಯುತ್ತೇನೆ. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ, ಹೆಸರು ಹೇಳುವಂತೆಯೂ ಒತ್ತಾಯಿಸುವಂತಿಲ್ಲ. 2016ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು ಕಾಯ್ದೆಯ 134ಎ ಕಲಂ ಈ ರಕ್ಷಣೆ ನೀಡಿವೆ. ಆದ್ದರಿಂದ ಕೇಸಿನ ಭಯದಿಂದ ಯಾರನ್ನೂ ರಸ್ತೆಯಲ್ಲಿ ಬಿಡಬೇಡಿ, ಅವನ ಧರ್ಮ ಯಾವುದೇ ಇರಲಿ. 2025ರ ಮೇಯಲ್ಲಿ ಅಧಿಸೂಚಿತವಾದ ಯೋಜನೆಯಂತೆ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯವರು ಮೊದಲು ಹಣ ಕಟ್ಟಿ ಎಂದರೆ ಈ ಯೋಜನೆಯ ಹೆಸರು ಹೇಳಿ ಕೇಳಿ.

ಗುದ್ದಿದ ವಾಹನ ಪತ್ತೆಯಾಗದಿದ್ದರೂ ಪರಿಹಾರವಿದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಇದಕ್ಕೆ ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರಿಗೆ. ಈ ಹಣವನ್ನು ಕೇಳಲು ಹೋಗದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ, ಇಂತಹದ್ದೊಂದು ಇದೆಯೆಂದೇ ಅವರಿಗೆ ತಿಳಿಯದು. ವಾಹನ ಪತ್ತೆಯಾದ ಪ್ರಕರಣಗಳಲ್ಲಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು 2022ರ ಎಪ್ರಿಲ್‌ನಿಂದ ಆರು ತಿಂಗಳ ಗಡುವು ಜಾರಿಗೆ ಬಂದಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಆ ತೀರ್ಪನ್ನು ನಂಬಿ ಕೂರಬೇಡಿ. ಇದ್ದತ್‌ನಲ್ಲಿರುವ ವಿಧವೆಯನ್ನು ಓಡಾಡಿಸುವುದು ಬೇಡ, ಸರಿ. ಜಮಾಅತ್ ಕಮಿಟಿಯ ಇಬ್ಬರು ಯುವಕರು ಎಫ್‌ಐಆರ್‌ನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮೆಯ ವಿವರಗಳನ್ನು ಮೊದಲ ತಿಂಗಳಲ್ಲೇ ಸಂಗ್ರಹಿಸಿಡಲಿ. ಫಾತಿಹಾ ಓದಲು ಮನೆ ತುಂಬಾ ಜನ ಸೇರುತ್ತೇವಲ್ಲ, ಅವರಲ್ಲಿ ಇಬ್ಬರು ಸಾಕು.

ಭೂಸ್ವಾಧೀನದ ನೋಟೀಸು ಬಂದವರು ಅದರ ಪ್ರತಿಯನ್ನು ತಂದಿದ್ದರೆ ಮಗ್ರಿಬ್ ನಮಾಝ್‌ನ ನಂತರ ಇದೇ ಸಭಾಂಗಣದಲ್ಲಿ ನಿಲ್ಲಿ. ಇಬ್ಬರು ವಕೀಲ ಮಿತ್ರರು ಉಚಿತವಾಗಿ ಕಾಗದಪತ್ರ ನೋಡಲು ಒಪ್ಪಿದ್ದಾರೆ. ಸಹೋದರಿಯರ ಹೆಸರು ಕುಟುಂಬ ವೃಕ್ಷದಲ್ಲಿ ಇದೆಯೇ ಎಂಬುದನ್ನು ಅವರು ಮೊದಲು ಕೇಳುತ್ತಾರೆ. ವಸ್ಸಲಾಮು ಅಲೈಕುಮ್.